ರಿಸರ್ವ್

ನನ್ನ ಬೈಕಿನ ಮೀಟರಿನಲ್ಲಿ ಪೆಟ್ರೋಲ್ ಪಂಪಿನ ಚಿತ್ರವಿರುವ ಪುಟ್ಟ ಹಳದಿ ದೀಪವೊಂದಿದೆ. ಪೆಟ್ರೋಲ್ ಮುಗಿಯುತ್ತ ಬಂದಾಗ ಅದು ಹತ್ತಿಕೊಳ್ಳಬೇಕು. ಆದರೆ ಅದರ ಸ್ವಭಾವವೇ ಬೇರೆ. ಚಾರ್ಮಾಡಿ ಘಾಟಿ ಹತ್ತುವಾಗ ಬೆಳಗುತ್ತದೆ, ಕೊಟ್ಟಿಗೆಹಾರದ ಹತ್ತಿರ ರಸ್ತೆ ಸಮತಟ್ಟಾಗುತ್ತಿದ್ದಂತೆ ಆರಿಹೋಗುತ್ತದೆ. ಶುರುವಿನಲ್ಲಿ ಹೆದರಿ ಸಿಕ್ಕ ಬಂಕಿನಲ್ಲೆಲ್ಲ ನಿಲ್ಲಿಸುತ್ತಿದ್ದೆ. ಆಮೇಲೆ ಅದರ ಮಾತು ಕೇಳುವುದನ್ನೇ ಬಿಟ್ಟೆ.

ಮೆಕ್ಯಾನಿಕ್‌ನನ್ನು ಕೇಳಿದರೆ ನಕ್ಕ. ಟ್ಯಾಂಕಿನೊಳಗೆ ಒಂದು ಕಡ್ಡಿಯ ತುದಿಗೆ ಫ್ಲೋಟ್ ಇರುತ್ತದೆ. ಪೆಟ್ರೋಲ್ ಇಳಿದಂತೆ ಅದೂ ಇಳಿಯುತ್ತದೆ. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯುವುದರಿಂದ ಅದರ ಲೆಕ್ಕ ತಪ್ಪುತ್ತದೆ. ‘ಅದನ್ನು ನಂಬ್ಬೇಡಿ, ಆದ್ರೆ ಟ್ಯಾಂಕ್ ಖಾಲಿಯೂ ಮಾಡ್ಬೇಡಿ’ ಎಂದ. ಈಗಿನ ಬೈಕುಗಳಲ್ಲಿ ಪೆಟ್ರೋಲ್ ಎತ್ತಿಕೊಡುವ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದನ್ನು ತಣ್ಣಗಿಡುವುದೂ ಆ ಪೆಟ್ರೋಲೇ. ಸುತ್ತಲೂ ಖಾಲಿಯಾದರೆ ಪಂಪು ಕಾದು ಕೆಡುತ್ತದೆ.

‘ಹಾಗಾದರೆ ರಿಸರ್ವ್ ಎಲ್ಲಿದೆ?’ ಎಂದು ಕೇಳಿದೆ.

‘ಅದೆಲ್ಲ ಹಳೇ ಕಾಲದ್ದು ಸಾರ್. ಈಗ ದೀಪವೇ ರಿಸರ್ವ್.’

ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾರ್ಬ್ಯುರೇಟರ್ ಇರುವ ಹೊಸ ಬೈಕುಗಳು ಕಾಣಿಸುವುದೇ ಅಪರೂಪ. ಅವುಗಳ ಜೊತೆಗೆ ಟ್ಯಾಂಕಿನ ಕೆಳಗೆ ಎಡಗೈಗೆ ಸಿಗುತ್ತಿದ್ದ ಆ ಪುಟ್ಟ ನಾಬ್ ಕೂಡ ಹೋಯಿತು. ಅದನ್ನು ಕಾಣದವರಿಗಾಗಿ ಹೇಳುತ್ತೇನೆ. ಅದಕ್ಕೆ ಆನ್, ಆಫ್, ರಿಸರ್ವ್ ಎಂದು ಮೂರು ಸ್ಥಾನಗಳಿದ್ದವು. ರಿಸರ್ವ್ ಎಂದರೆ ಬೇರೆಯೇ ಒಂದು ಟ್ಯಾಂಕು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗೇನಿಲ್ಲ, ಇರುವುದು ಒಂದೇ ಟ್ಯಾಂಕು. ಅದರೊಳಗೆ ಒಂದು ಕೊಳವೆ ತುಸು ಎತ್ತರಕ್ಕೆ ನಿಂತಿರುತ್ತದೆ, ಇನ್ನೊಂದು ತೂತು ತಳದಲ್ಲಿರುತ್ತದೆ. ಪೆಟ್ರೋಲ್ ಆ ಎತ್ತರದ ಕೊಳವೆಯ ಬಾಯಿಗಿಂತ ಕೆಳಗೆ ಇಳಿದಾಗ ಬೈಕು ಕೆಮ್ಮುತ್ತದೆ, ಎರಡು ಸಲ ಜಗ್ಗುತ್ತದೆ. ಆಗ ನಾಬನ್ನು ರಿಸರ್ವ್‌ಗೆ ತಿರುಗಿಸಿದರೆ ತಳದ ತೂತಿನಿಂದ ಉಳಿದದ್ದು ಹರಿದು ಬರುತ್ತದೆ. ದೀಪವಿಲ್ಲ, ಮೀಟರಿಲ್ಲ. ಘಟ್ಟದಲ್ಲೂ ಬಯಲಿನಲ್ಲೂ ಅದು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ನಿಜವೇ.

ಒಂದೇ ಷರತ್ತು. ಪೆಟ್ರೋಲ್ ಹಾಕಿಸಿದ ಮೇಲೆ ನಾಬನ್ನು ಮರಳಿ ಆನ್‌ಗೆ ತರಬೇಕು. ಮರೆತರೆ ಮುಂದಿನ ಸಲ ಕೆಮ್ಮು ಬರುವುದೇ ಇಲ್ಲ. ಕೊನೆಯ ಹನಿಯವರೆಗೆ ಸದ್ದಿಲ್ಲದೆ ಓಡಿ, ಒಮ್ಮೆಲೇ ನಿಲ್ಲುತ್ತದೆ.

ನಾನಾಗ ಎರಡನೇ ಪಿಯುಸಿ. ಮನೆ ಉಜಿರೆಯ ಹತ್ತಿರ. ಲೈಸೆನ್ಸ್ ಇರಲಿಲ್ಲ, ಅಪ್ಪನ ಬೈಕಿನ ಮೇಲೆ ಆಸೆ ಮಾತ್ರ ಬಹಳ ಇತ್ತು. ಒಂದು ಸಂಜೆ ಅಪ್ಪ ಊರಲ್ಲಿಲ್ಲದಾಗ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಧರ್ಮಸ್ಥಳದವರೆಗೆ ಹೋಗಿಬಂದೆ. ಮರಳುವಾಗ ಬೈಕು ಕೆಮ್ಮಿತು. ನಾಬ್ ತಿರುಗಿಸಿದೆ, ಓಡಿತು. ಮನೆ ಸೇರಿ, ಬೈಕನ್ನು ಮೊದಲು ಇದ್ದ ಹಾಗೆಯೇ ಕೊಟ್ಟಿಗೆಯ ಪಕ್ಕ ನಿಲ್ಲಿಸಿದೆ. ಸ್ಟ್ಯಾಂಡು ಅದೇ ಗುರುತಿನ ಮೇಲೆ ಕೂರಬೇಕೆಂದು ಎರಡು ಸಲ ಸರಿಪಡಿಸಿದ್ದು ನೆನಪಿದೆ. ನಾಬಿನ ನೆನಪು ಬಂದದ್ದು ರಾತ್ರಿ ಮಲಗಿದ ಮೇಲೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಎರಡು ದಿನ ಅಪ್ಪ ಎಂದಿನಂತೆ ಓಡಾಡಿದರು. ಬೈಕು ಕೆಮ್ಮಲಿಲ್ಲವಾದ್ದರಿಂದ ಪೆಟ್ರೋಲ್ ಇದೆ ಎಂದೇ ಅವರ ಲೆಕ್ಕ. ಮೂರನೇ ದಿನ ಬೆಳಗಿನ ಜಾವ ಪಕ್ಕದ ಮನೆಗೆ ಫೋನ್ ಬಂತು. ಘಟ್ಟದ ಮೇಲೆ, ಕಾಫಿ ತೋಟದ ಮನೆಯಲ್ಲಿದ್ದ ದೊಡ್ಡತ್ತೆ, ಅಪ್ಪನ ಅಕ್ಕ, ಹಿಂದಿನ ಸಂಜೆಯೇ ತೀರಿಕೊಂಡಿದ್ದರು. ಮಳೆಗೆ ಲೈನು ಹೋಗಿ ಸುದ್ದಿ ತಡವಾಗಿತ್ತು.

ಅಮ್ಮ ಬಸ್ಸಿನಲ್ಲಿ ಬರುವುದೆಂದಾಯಿತು. ಅಪ್ಪ, ನಾನು ಬೈಕಿನಲ್ಲಿ ಹೊರಟೆವು. ಬಂಕು ಇನ್ನೂ ತೆರೆದಿರಲಿಲ್ಲ. ‘ರಿಸರ್ವ್ ಉಂಟಲ್ಲ, ಅಷ್ಟು ಸಾಕು’ ಎಂದರು ಅಪ್ಪ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಂಕಿನವರನ್ನು ಎಬ್ಬಿಸಬಹುದಿತ್ತು, ಬಸ್ಸು ಹಿಡಿಯಬಹುದಿತ್ತು. ಹಿಂದೆ ಕೂತು ಅವರ ಮಳೆಕೋಟಿನ ಬೆನ್ನನ್ನೇ ನೋಡುತ್ತಿದ್ದೆ.

ಮಂಜಿನಲ್ಲಿ ಘಾಟಿ ಹತ್ತಿದೆವು. ಕೊಟ್ಟಿಗೆಹಾರ ದಾಟಿ, ತೋಟಗಳ ನಡುವಿನ ಒಳರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಬೈಕು ನಿಂತಿತು. ಅಪ್ಪನ ಎಡಗೈ ಅಭ್ಯಾಸಬಲದಿಂದ ಟ್ಯಾಂಕಿನ ಕೆಳಗೆ ಹೋಯಿತು. ನಾಬ್ ಆಗಲೇ ರಿಸರ್ವ್‌ನಲ್ಲಿತ್ತು. ಕೈ ಅಲ್ಲೇ ಒಂದು ಗಳಿಗೆ ನಿಂತಿತು.

‘ಹೋದ ಸಲ ತಿರುಗಿಸ್ಲಿಕ್ಕೆ ಮರ್ತದ್ದು ಕಾಣ್ತದೆ ನಾನು’ ಎಂದರು.

ಬೈಕನ್ನು ಎಡಕ್ಕೆ ಪೂರ್ತಿ ವಾಲಿಸಿದರು. ಟ್ಯಾಂಕಿನ ಬಲಬದಿಯಲ್ಲಿ ನಿಂತ ಪೆಟ್ರೋಲ್ ಹಾಗೆ ಮಾಡಿದರೆ ಈಚೆ ಬರುತ್ತದೆ. ಚೋಕ್ ಎಳೆದರು. ಮುಚ್ಚಳ ತೆಗೆದು ಊದಿದರು. ಒಂದು ತಿರುವಿನಷ್ಟು ದೂರ ಓಡಿ ಮತ್ತೆ ನಿಂತಿತು. ಕೊನೆಗೆ ಅದನ್ನು ದರೆಯ ಬದಿಗೆ ಒರಗಿಸಿ ನಡೆದೆವು. ಎರಡು ಗಂಟೆಗೂ ಹೆಚ್ಚು ಹೊತ್ತು ನಡೆದಿರಬೇಕು. ಒಂದು ವಾಹನವೂ ಬರಲಿಲ್ಲ. ನಾವು ಅಂಗಳ ತಲುಪುವಾಗ ತೋಟದ ಅಂಚಿನಿಂದ ಹೊಗೆ ಏಳುತ್ತಿತ್ತು. ಮಳೆ ಜೋರಾಗುವ ಮುಂಚೆ ಮುಗಿಸಬೇಕೆಂದು, ನಮಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂದು, ಕಾದು ಕಾದು ಚಿತೆಗೆ ಬೆಂಕಿ ಕೊಟ್ಟಿದ್ದರು.

ಆಮೇಲೆ ದೊಡ್ಡತ್ತೆಯ ಮಾತು ಬಂದಾಗಲೆಲ್ಲ ಅಪ್ಪ ಹೇಳುತ್ತಿದ್ದರು: ‘ನನ್ನ ಮರೆವು. ಅಕ್ಕನ ಮುಖ ನೋಡ್ಲಿಕ್ಕೆ ಸಿಗ್ಲಿಲ್ಲ.’ ಮದುವೆ ಮನೆಗಳಲ್ಲಿ, ವರ್ಷಾಂತಿಕದಲ್ಲಿ, ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ನಾನು ತಟ್ಟೆಯನ್ನೋ ನೆಲವನ್ನೋ ನೋಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಅದೇ ಘಾಟಿ ಹತ್ತುತ್ತಿದ್ದೆ. ಹಳದಿ ದೀಪ ಹತ್ತಿಕೊಂಡಿತು. ಹೆಗಲ ಮೇಲಿಂದ ಬಗ್ಗಿ ನೋಡಿದ ಅಪ್ಪ, ‘ಎಂತದು ಅದು?’ ಎಂದರು.

‘ಪೆಟ್ರೋಲ್ ಮುಗೀತಾ ಬಂತು ಅಂತ. ಅದು ಸುಳ್ಳು ಹೇಳ್ತದೆ ಅಪ್ಪ’ ಎಂದೆ. ಹಾಗೆ ಹೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಗಾಡಿ ನಿಲ್ಲಿಸಲಿಲ್ಲ, ಮುಖ ನೋಡಬೇಕಾಗುತ್ತದೆಂದು. ರಸ್ತೆಯನ್ನೇ ನೋಡುತ್ತ ಧರ್ಮಸ್ಥಳದ ಆ ಸಂಜೆಯಿಂದ ಎಲ್ಲವನ್ನೂ ಹೇಳಿದೆ.

ಎರಡು ತಿರುವು ಕಳೆಯಿತು. ಹಿಂದಿನಿಂದ ಮಾತಿಲ್ಲ.

‘ಇಷ್ಟು ವರ್ಷ ನನ್ನನ್ನೇ ಬೈದುಕೊಂಡೆನಲ್ಲ ಮಾರಾಯ’ ಎಂದರು ಕೊನೆಗೆ. ಮತ್ತೆರಡು ತಿರುವಿನ ನಂತರ, ‘ಬಂಕ್ ಸಿಕ್ಕಿದ್ರೆ ನಿಲ್ಲಿಸು’ ಎಂದರು.

ಬಂಕಿನಲ್ಲಿ ನಾನು ಮುಚ್ಚಳ ತೆಗೆದೆ. ಪೈಪು ಹಿಡಿದ ಹುಡುಗನಿಗೆ ತಾಳು ಎಂದು ಕೈ ಮಾಡಿ, ಅಪ್ಪ ಹ್ಯಾಂಡಲ್ ಹಿಡಿದು ಬೈಕನ್ನು ಮೆಲ್ಲಗೆ ಅಲುಗಿಸಿದರು, ಕಿವಿಯನ್ನು ಟ್ಯಾಂಕಿನ ಹತ್ತಿರ ತಂದರು. ಒಳಗೆ ಗುಳುಗುಳು ಸದ್ದಾಯಿತು.

‘ಉಂಟು’ ಎಂದರು. ‘ಇನ್ನೂ ಸ್ವಲ್ಪ ಉಂಟು.’

ಆಮೇಲೆ ಜೇಬಿಗೆ ಕೈ ಹಾಕಿ, ನಾನು ಬೇಡವೆಂದರೂ ಕೇಳದೆ, ಫುಲ್ ಟ್ಯಾಂಕ್ ಹಾಕಿಸಿದರು.