ಸೋರಲೆಂದೇ ಕೊರೆದ ತೂತು

ಬೆಳಗಾವಿಯ ಓಣಿಯಲ್ಲಿ ಗಾಡಿಯ ಬಾನೆಟ್ ಎತ್ತಿದ ಮೇಲೆ ಒಬ್ಬರೇ ಇರುವುದು ಆಗದ ಮಾತು. ಕೈಯಲ್ಲಿ ಹತ್ತು-ಹನ್ನೊಂದರ ಪಾನಾ ಕಂಡರೆ ಸಾಕು, ಚಹಾ ಕುಡಿಯುತ್ತಿದ್ದವರು ಕಪ್ಪು-ಬಶಿ ಸಮೇತ ಎದ್ದು ಬರುತ್ತಾರೆ. ಒಬ್ಬರು ಕನ್ನಡದಲ್ಲಿ ರೋಗ ಹೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಔಷಧ ಹೇಳುತ್ತಾರೆ. ಗಡಿಯ ವಾದ ಏನೇ ಇರಲಿ, ಗಾಡಿ ನೀರು ಸೋರುವ ವಿಷಯದಲ್ಲಿ ಇಲ್ಲಿ ಎಲ್ಲರದೂ ಒಂದೇ ಮಾತು: ರೇಡಿಯೇಟರಿಗೆ ಅರಿಶಿನ ಪುಡಿ ಹಾಕ್ರಿ. ಅರಿಶಿನ ಉಬ್ಬಿ ತೂತು ಮುಚ್ಚುವುದೇನೋ ನಿಜ. ಯಾವ ತೂತು ಮುಚ್ಚಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅರಿಶಿನಕ್ಕೆ ಗೊತ್ತಾಗಬೇಕಲ್ಲ! ರೇಡಿಯೇಟರಿನೊಳಗಿನ ಸಣ್ಣ ಸಣ್ಣ ಕೊಳವೆಗಳನ್ನೂ ಅದು ಅಷ್ಟೇ ಭಕ್ತಿಯಿಂದ ಮುಚ್ಚುತ್ತದೆ.

ನಮ್ಮ ಕಾಕಾ ಅರಿಶಿನದ ಪಕ್ಷದವರಲ್ಲ. ನಮ್ಮ ಗಾಡಿ ಸೋರತೊಡಗಿದಾಗ ಬ್ಯಾಟರಿ ಹಿಡಿದು ಬಗ್ಗಿ ನೋಡಿ, "ರೇಡಿಯೇಟರ್ ಅಲ್ಲೋ ತಮ್ಮಾ, ವಾಟರ್ ಪಂಪ್ ಹೋಗೇತಿ" ಎಂದರು. ನಮ್ಮ ಹಳೇ ಡೀಸೆಲ್ ಜೀಪಿನಲ್ಲಿ ಫ್ಯಾನು ಕೂತಿರುವುದೇ ಪಂಪಿನ ಮೂತಿಯ ಮೇಲೆ. ಎಂಜಿನ್ ಬಂದ್ ಮಾಡಿ ಫ್ಯಾನಿನ ರೆಕ್ಕೆ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ನಮ್ಮದು ಅಂದಿತು. ಪಂಪಿನ ಹೊಟ್ಟೆಯಡಿ ಕಡಲೆಬೇಳೆ ಗಾತ್ರದ ಒಂದು ತೂತು. ಅಲ್ಲಿಂದ ಇಳಿದ ಹಸಿರು ಕೂಲಂಟು ಎಂಜಿನ್ನಿನ ಮೇಲೆ ಒಣಗಿ ಹಕ್ಕಳೆಗಟ್ಟಿತ್ತು.

ಈ ತೂತು ತುಕ್ಕು ತಿಂದು ಆದದ್ದಲ್ಲ, ಕಾರ್ಖಾನೆಯಲ್ಲೇ ಕೊರೆದದ್ದು. ಪಂಪಿನ ಶಾಫ್ಟಿಗೆ ಒಳಗಡೆ ನೀರು ತಡೆಯುವ ಸೀಲು, ಹೊರಗಡೆ ಗ್ರೀಸು ತುಂಬಿದ ಬೇರಿಂಗು. ಎರಡರ ನಡುವೆ ಒಂದಿಷ್ಟು ಖಾಲಿ ಜಾಗ, ಆ ಜಾಗದಿಂದ ಹೊರಕ್ಕೆ ಈ ತೂತು. ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕಲಿ, ಯಜಮಾನನಿಗೆ ಸುದ್ದಿ ಮುಟ್ಟಲಿ ಅಂತ ಅದರ ಏರ್ಪಾಡು. ಇಡೀ ಗಾಡಿಯಲ್ಲಿ ಸಾಯುವ ಮೊದಲು ಇಷ್ಟು ಮರ್ಯಾದೆಯಿಂದ ಹೇಳಿ ಸಾಯುವ ಭಾಗ ಇನ್ನೊಂದಿಲ್ಲ. ನಾವೇನು ಮಾಡುತ್ತೇವೆ? ಎಂಸೀಲ್ ಮೆತ್ತುತ್ತೇವೆ. ಆಮೇಲೆ ನೀರು ಬೇರಿಂಗಿಗೆ ಇಳಿದು ಗ್ರೀಸು ತೊಳೆದು, ಶಾಫ್ಟು ವಾಲಿ, ಫ್ಯಾನು ರೇಡಿಯೇಟರನ್ನು ಕೊಯ್ದಾಗ, "ಈಗಿನ ಸಾಮಾನು ಬರೋಬ್ಬರಿ ಇಲ್ರಿ" ಅಂತ ನಿಟ್ಟುಸಿರು ಬಿಡುತ್ತೇವೆ.

ಸೋರಿಕೆಯೆಂದರೆ ಕೆಟ್ಟದ್ದು ಅನ್ನುವವರು ಒಮ್ಮೆ ಖಾನಾಪುರಕ್ಕೆ ಹೋಗಬೇಕು. ಅಲ್ಲಿಯ ಮಣ್ಣು ಕುಂಬಾರಿಕೆಗೆ, ಹೆಂಚಿಗೆ ಹೆಸರಾದದ್ದು. ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಇದೆ. ಆ ಮಣ್ಣಿನ ಗಡಿಗೆ ನೀರು ತಂಪಿಡುವುದೇ ಮೈಯೆಲ್ಲ ಒಸರಿ, ಒಸರಿದ್ದು ಆರಿ. ಜೀಪು ಒಸರಿದರೆ ಮಾತ್ರ ಬೆಂಕಿಯಾಗುತ್ತದೆ. ಒಂದೇ ತಾಲ್ಲೂಕಿನಲ್ಲಿ ಎರಡು ನ್ಯಾಯ. ನೀರಿಗಂತೂ ಆ ತಾಲ್ಲೂಕಿನಲ್ಲಿ ಬರವಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ಹಾದು, 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಅಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ 10,000 ಮಿ.ಮೀ. ಮೀರಿತ್ತು. ಅಂಥ ಸೀಮೆಯ ರಸ್ತೆಯಲ್ಲೇ ನೀರಿಲ್ಲದ ಜೀಪು ಹೊಗೆಯಾಡುತ್ತ ನಿಲ್ಲುತ್ತದೆ!

ರಸ್ತೆಯೂ ಸಾಮಾನ್ಯದ್ದಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ 25 ಕಿ.ಮೀ. ಆಸುಪಾಸು. ತಿಳಕವಾಡಿಯ ಮೂರನೇ ಗೇಟು ದಾಟಿದರೆ ಉದ್ಯಮಬಾಗ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಫೌಂಡ್ರಿಗಳು, ಲೇಥ್ ಅಂಗಡಿಗಳು, ಅಲ್ಲೇ ಇಂಜಿನಿಯರಿಂಗ್ ಕಾಲೇಜು. ಮುಂದೆ ಮಚ್ಛೆಯಲ್ಲಿ 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಪಂಪು ಎರಕ ಹೊಯ್ಯಬಲ್ಲವರು, ಉಷ್ಣಶಾಸ್ತ್ರ ಕಲಿಸಬಲ್ಲವರು ಎಲ್ಲ ಈ ಒಂದೇ ದಾರಿಯಲ್ಲಿ. ಅವರ ನಡುವೆ ಜನ ತುಂಬಿಕೊಂಡು ಹಾದುಹೋದ ವಡಾಪ್ ಗಾಡಿ ದೇಸೂರು ದಾಟಿ ಬಿಸಿಯಾಗಿ ನಿಂತರೆ, ಡ್ರೈವರ್ ನೀರಿನ ಬಾಟಲಿ ಹಿಡಿದು ಮನೆ ಹುಡುಕುತ್ತಾನೆ.

ಹಾಗೆ ನಿಂತಾಗ ಬಿಸಿ ಮುಚ್ಚಳ ತಿರುವಬಾರದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರಕ್ಕೆ ಕಾಯುವುದಿಲ್ಲ, 97-98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಟ್ಟು ಆ ಗಡುವನ್ನು ಹತ್ತಿಪ್ಪತ್ತು ಡಿಗ್ರಿ ಮುಂದಕ್ಕೆ ತಳ್ಳುತ್ತದೆ. ಮುಚ್ಚಳ ತೆಗೆದ ಗಳಿಗೆಯಲ್ಲಿ ಒತ್ತಡ ಹೋಗಿ, ಅಷ್ಟೂ ನೀರು ಒಮ್ಮೆಲೇ ಕುದ್ದು ಮೋರೆಗೆ ಹಾರುತ್ತದೆ. ಅನಮೋಡ ಘಾಟು ಹತ್ತುವ ಲಾರಿಯವರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ.

ಜೀಪು ತಣ್ಣಗಾದ ಮೇಲೆ ಮನೆಯಂಗಳದಲ್ಲೇ ಕೆಲಸ ಹಿಡಿದೆವು. ಕೂಲಂಟು ಇಳಿಸಲು ನಮ್ಮ ವೈನಿಯ ಬಕೇಟು ಬೇಕಾಯಿತು. "ಅದು ಅರಿವಿ ತೊಳಿಯೂ ಬಕೇಟ್ರಿ" ಎಂಬ ತಕರಾರು ವ್ಯರ್ಥವಾಯಿತು. ಆ ಹಸಿರು ದ್ರವದ ರುಚಿ ಸಿಹಿ, ಗುಣ ವಿಷ. ನಾಯಿ, ಎಮ್ಮೆ ನೆಕ್ಕದಂತೆ ಮುಚ್ಚಿಡಬೇಕು. ಬೆಲ್ಟು ಸಡಿಲಿಸಿ, ಫ್ಯಾನು ಬಿಚ್ಚಿ, ಹೋಸ್ ಪೈಪು ಕಿತ್ತರೆ ಪಂಪು ಎದುರಿಗೇ. ಅದರ ಬೋಲ್ಟುಗಳು ಒಂದೇ ಉದ್ದದವಲ್ಲ. ಕಾಕಾ ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಬಿಚ್ಚಿದ ಒಂದೊಂದನ್ನೂ ಅದರದರ ಜಾಗದಲ್ಲೇ ಚುಚ್ಚಿ ನಿಲ್ಲಿಸಿದರು. ಉದ್ದದ್ದನ್ನು ಗಿಡ್ಡದರ ತೂತಿಗೆ ಬಿಗಿದರೆ ಎರಕವೇ ಬಿರಿಯುತ್ತದೆ.

ಹೊಸ ಪಂಪಿನ ಡಬ್ಬಿಯಲ್ಲಿ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್, ಇರಲಿಲ್ಲ. ಅಂಗಡಿಗೆ ಹೊರಟವನನ್ನು ಕಾಕಾ ತಡೆದು, ಅಟ್ಟದಿಂದ ಪ್ಯಾಕಿಂಗ್ ಹಾಳೆ ಇಳಿಸಿ, ಪಂಪಿನ ಬಾಯಿಯ ಮೇಲೆ ಹಾಸಿದರು. ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಎಂದು ಹಗುರಾಗಿ ಬಡಿಯುತ್ತ ಹೋದರು. ಕಬ್ಬಿಣದ ಅಂಚೇ ಕತ್ತರಿಯಾಯಿತು. ಬೋಲ್ಟಿನ ತೂತುಗಳ ಮೇಲೆ ಸುತ್ತಿಗೆಯ ಗುಂಡನ್ನಿಟ್ಟು ಒಂದೊಂದು ಏಟು. ದುಂಡನೆಯ ಬಿಲ್ಲೆಗಳು ಉದುರಿದವು. ಗೆರೆ ಹಾಕಲಿಲ್ಲ, ಅಳೆಯಲಿಲ್ಲ. ಬಶಿ ಹಿಡಿದ ಸಲಹೆಗಾರರೆಲ್ಲ ಅಷ್ಟು ಹೊತ್ತು ಬಾಯಿ ಮುಚ್ಚಿದ್ದರು. ಎಂಜಿನ್ ಕಡೆಯ ಹಳೇ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆಯುವ ಬೇಸರದ ಕೆಲಸ ನನ್ನ ಪಾಲಿಗೆ ಬಂತು.

ತುಂಬುವಾಗ ಮತ್ತೆ ಚರ್ಚೆ. "ನಮ್ಮೂರಾಗೇನ ಹಿಮಾ ಬೀಳತೈತೇನು, ನೀರ ಹಾಕ್ರಿ ಸಾಕು." ಹಿಮ ಬೀಳದಿದ್ದರೇನು, ತುಕ್ಕು ಹಿಡಿಯುತ್ತದಲ್ಲ! ಕೂಲಂಟು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಬೋರಿನ ಗಡಸು ನೀರು ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಮುಚ್ಚಳ ತೆಗೆದೇ ಎಂಜಿನ್ ಶುರು ಮಾಡಿ, ಗುಳುಗುಳು ಎಂದು ಗಾಳಿ ಹೊರಡುವವರೆಗೆ ಕೂಲಂಟು ಸುರಿದೆವು. ಮಾರನೆಯ ಬೆಳಿಗ್ಗೆ ಮತ್ತೊಂದು ಲೋಟ ಹಿಡಿಸಿತು. ತೂತಿನ ಕೆಳಗೆ ಒಣ ಒಣ.

ಹಳೇ ಪಂಪನ್ನು ಗುಜರಿಗೆ ಹಾಕೋಣ, ಉದ್ಯಮಬಾಗದ ಕುಲುಮೆ ಸೇರಿ ಇನ್ನೇನಾದರೂ ಆಗಿ ಬರಲಿ ಎಂದೆ. ಕಾಕಾ ಒಪ್ಪಲಿಲ್ಲ. ಮೊದಲೆಲ್ಲ ಪಂಪಿಗೆ ರಿಪೇರಿ ಕಿಟ್ ತಂದು, ಲೇಥ್ ಅಂಗಡಿಯಲ್ಲಿ ಬೇರಿಂಗು-ಸೀಲು ಒತ್ತಿಸಿ ಮತ್ತೆ ಹಾಕುತ್ತಿದ್ದರಂತೆ. "ಬಾಡಿ ಗಟ್ಟಿ ಐತಿ, ಇರಲಿ" ಎಂದು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಅಲ್ಲಿ ಎಂದೋ ಮಾರಿದ ಸ್ಕೂಟರಿನ ಕಾರ್ಬೊರೇಟರ್ ಆಗಲೇ ಇತ್ತು. ವೈನಿ ಕೆಳಗೆ ನಿಂತು ಬಕೇಟು ಕೇಳುತ್ತಿದ್ದರು.