ಬಝರ್ ಬೇಡ ಅಂದ ಕಾಕಾ

ನಾವು ಮೂವರು. ಒಬ್ಬರದು ಸಿಂಧನೂರು, ಒಬ್ಬರದು ಲಿಂಗಸುಗೂರು, ಒಬ್ಬರದು ಮಸ್ಕಿ. ಹಾಸ್ಟೆಲ್‌ನಲ್ಲಿ ಎಲ್ಲರೂ ನಮ್ಮನ್ನ ಸೇರಿಸಿ 'ರಾಯಚೂರು ಗ್ಯಾಂಗ್' ಅಂತಾರೆ. ಈ ಬರಹದಲ್ಲಿ ಬರೋ ಕಾಕಾ ನಮ್ಮಲ್ಲೊಬ್ಬರ ಸಂಬಂಧಿ. ಯಾರ ಕಾಕಾ, ಯಾವ ಊರು ಅಂತ ಬರೆಯಲ್ಲ. ಅದಕ್ಕೇ ಇಲ್ಲಿ 'ನಾನು' ಇಲ್ಲ, 'ನಾವು' ಮಾತ್ರ. ಕಾಕಾಗೆ ಎಚ್‌ಐವಿ ಇದೆ. ಅವರನ್ನ ಕೇಳಿಯೇ ಇದನ್ನ ಬರೆಯುತ್ತಿದ್ದೇವೆ.

ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಮಾಡಿದ್ದು ಮಾತ್ರೆ ಡಬ್ಬಿ. ಆರ್ಡುಯಿನೋ, ಒಂದು ಆರ್‌ಟಿಸಿ ಮಾಡ್ಯೂಲ್, ಒಂದು ಬಝರ್. ರಾತ್ರಿ ಒಂಬತ್ತಾದರೆ ಕೂಗತ್ತೆ, ಮುಚ್ಚಳ ತೆಗೆದರೆ ನಿಲ್ಲತ್ತೆ. ಐಡಿಯಾ ಹುಟ್ಟಿದ್ದೇ ಕಾಕಾನಿಂದ. ಅವರು ದಿನಾ ಒಂದು ಮಾತ್ರೆ ತಗೋಬೇಕು. ಟಿಎಲ್‌ಡಿ ಅಂತಾರೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ.

ದಿನಾ ಯಾಕೆ ಅಂತ ಓದಿದಾಗ ನಮ್ಮದೇ ಸಿಲಬಸ್ ಎದುರಿಗೆ ಬಂತು. ಡೊಲುಟೆಗ್ರಾವಿರ್‌ನ ಅರ್ಧಾಯುಷ್ಯ ಸುಮಾರು 14 ಗಂಟೆ. ಅಂದರೆ ಅಷ್ಟು ಹೊತ್ತಿಗೆ ರಕ್ತದಲ್ಲಿರೋ ಔಷಧಿ ಅರ್ಧ ಆಗತ್ತೆ. ಕೆಪಾಸಿಟರ್ ಡಿಸ್ಚಾರ್ಜ್ ಆಗೋ ಅದೇ ಗ್ರಾಫ್. ಲೆಕ್ಕ ಹಾಕಿದೆವು: 24 ಗಂಟೆಗೆ ಉಳಿಯೋದು ಸುಮಾರು 30 ಪರ್ಸೆಂಟ್, 48 ಗಂಟೆಗೆ 9, ಮೂರು ದಿನಕ್ಕೆ 3. ಒಂದು ದಿನ ತಪ್ಪಿದರೆ ಆಕಾಶ ಬೀಳಲ್ಲ. ಆದರೆ ತಪ್ಪೋದೇ ರೂಢಿ ಆದರೆ ವೈರಸ್ ಮತ್ತೆ ಬೆಳೆಯತ್ತೆ, ಔಷಧಿಗೆ ಬಗ್ಗದ ವೈರಸ್ ಉಳಿದುಕೊಳ್ಳತ್ತೆ. ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡಲ್ಲ.

ಇನ್ನೊಂದು ವಿಷಯ ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ನೆನಪಿಸಿತು. ಗಡಸು ನೀರಿನ ಪ್ರಯೋಗದಲ್ಲಿ ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನ ಏಡಿ ಹಿಡಿದ ಹಾಗೆ ಹಿಡಿಯುತ್ತಲ್ಲ, ಡೊಲುಟೆಗ್ರಾವಿರ್ ಮಾಡೋದೂ ಅದನ್ನೇ. ವೈರಸ್‌ನ ಇಂಟಿಗ್ರೇಸ್ ಅನ್ನೋ ಕಿಣ್ವದಲ್ಲಿರೋ ಮೆಗ್ನೀಸಿಯಂ ಅನ್ನು ಹಿಡಿದು ಅದರ ಕೆಲಸ ನಿಲ್ಲಿಸತ್ತೆ. ತೊಂದರೆ ಏನಂದರೆ, ಹೊಟ್ಟೆಯಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಕ್ಕರೂ ಹಿಡಿದುಕೊಳ್ಳತ್ತೆ. ಆಗ ರಕ್ತಕ್ಕೆ ಹೋಗೋದೇ ಕಡಿಮೆ. ನಮ್ಮ ಕಡೆ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಎದೆ ಉರಿದರೆ ಎಲ್ಲರೂ ಕುಡಿಯೋ ಗುಲಾಬಿ ಬಣ್ಣದ ಸಿರಪ್‌ನಲ್ಲಿ ಇರೋದು ಇವೇ ಎರಡು! ಆ ಸಿರಪ್‌ಗಿಂತ 2 ಗಂಟೆ ಮುಂಚೆ, ಇಲ್ಲಾ 6 ಗಂಟೆ ಆದ ಮೇಲೆ ಮಾತ್ರೆ ತಗೋಬೇಕು. ಕಾಕಾಗೆ ಹೇಳಿದೆವು. 'ಅಂಗಡ್ಯಾಗ ಗ್ಯಾಸಿನ ಔಷಧಿ ಕೇಳಾಗ ಇದನ್ನ ಹೆಂಗ್ ಹೇಳ್ಲಿ?' ಅಂದರು.

ಆಗಲೇ ನಮಗೆ ಸುಳಿವು ಸಿಗಬೇಕಿತ್ತು. ಸಿಗಲಿಲ್ಲ. ರಜೆಯಲ್ಲಿ ಡಬ್ಬಿ ತಗೊಂಡು ಹೋಗಿ ತೋರಿಸಿದೆವು. ಬಝರ್ ಕೂಗಿತು. ಕಾಕಾ ಮೊದಲು ಎದ್ದು ಬಾಗಿಲು ಹಾಕಿದರು.

'ಛಲೋ ಮಾಡೀರಿ. ಆದ್ರ ನಾ ಮರೀತೀನಿ ಅಂತ ನಿಮಗ ಯಾರು ಹೇಳಿದ್ರು? ಇಷ್ಟು ವರ್ಷದಾಗ ಒಂದಿನ ಮರೆತಿಲ್ಲ. ಮದುವಿ ಮನ್ಯಾಗ, ಬೀಗರ ಎದುರಿಗೆ, ನುಂಗಾಕ ಜಾಗ ಸಿಗಲ್ಲ. ಅವತ್ತು ತಪ್ಪತೈತಿ. ಇದು ಕೂಗಿದ್ರ ಊರಿಗೆಲ್ಲ ಗೊತ್ತಾಗತೈತಿ.'

ಊರ ಹತ್ತಿರವೇ ಮಾತ್ರೆ ಸಿಗೋ ಹಾಗಿದ್ದರೂ ಅವರು ಮಾನ್ವಿ ದಾಟಿ ರಾಯಚೂರಿಗೇ ಹೋಗ್ತಾರೆ. ಹತ್ತಿರದ ಆಸ್ಪತ್ರೆಯ ಸಾಲಿನಲ್ಲಿ ಗುರುತಿನವರು ಇರ್ತಾರೆ ಅಂತ. ಬಾಟಲಿಯ ಚೀಟಿಯನ್ನ ಉಗುರಿನಿಂದ ಕೆರೆದು, ಆಮೇಲೆ ಬಸ್ ಹತ್ತುತ್ತಾರೆ.

ಕಾಲೇಜಿಗೆ ವಾಪಸ್ ಬಂದು ಹುಡುಕಿದಾಗ ಒಂದು ಸಂಶೋಧನೆ ಸಿಕ್ಕಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಅನಿತಾ ಶೆಟ್ ಮತ್ತು ತಂಡದ್ದು, 2014ರಲ್ಲಿ ಬಿಎಂಜೆಯಲ್ಲಿ ಬಂದಿದೆ. ದಕ್ಷಿಣ ಭಾರತದ ಮೂರು ಕಡೆ, ಹೊಸದಾಗಿ ಚಿಕಿತ್ಸೆ ಶುರು ಮಾಡಿದ 631 ಜನ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ವಾರಕ್ಕೊಮ್ಮೆ ಮೊಬೈಲ್‌ಗೆ ಆಟೋಮ್ಯಾಟಿಕ್ ಕರೆ, ಒಂದು ಚಿತ್ರದ ಮೆಸೇಜ್. ಎರಡು ವರ್ಷ ನೋಡಿದರು. ಚಿಕಿತ್ಸೆ ಸೋಲೋದರಲ್ಲಿ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸವೇ ಬರಲಿಲ್ಲ.

ಓದಿ ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ. ಯಾಕೆ ವ್ಯತ್ಯಾಸ ಬರಲಿಲ್ಲ ಅನ್ನೋದಕ್ಕೆ ಬೇರೆ ಬೇರೆ ಕಾರಣ ಇರಬಹುದು. ನಮಗೆ ಕಂಡಿದ್ದು ಇಷ್ಟೇ: ನಾವೂ ಮರೆವನ್ನ ಸಮಸ್ಯೆ ಅಂದುಕೊಂಡು ಡಬ್ಬಿ ಮಾಡಿದ್ದೆವು. ಕಾಕಾನ ಸಮಸ್ಯೆ ಭಯ.

ಔಷಧಿಯ ಕಡೆಯವರು ತಮ್ಮ ಕೆಲಸ ಮಾಡಿದ್ದಾರೆ. 2001ರಲ್ಲಿ ಮುಂಬೈನ ಸಿಪ್ಲಾ ಮೂರು ಔಷಧಿಗಳ ದಿನದ ಡೋಸನ್ನ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀವಿ ಅಂದಿತು. ಏಪ್ರಿಲ್ 2004ರಿಂದ ನಮ್ಮ ಸರ್ಕಾರ ಉಚಿತವಾಗಿ ಕೊಡೋಕೆ ಶುರು ಮಾಡಿತು. ಒಬ್ಬರ ಎಚ್‌ಐವಿ ವಿಷಯವನ್ನ ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡಬಾರದು ಅಂತ 2017ರ ಕಾಯ್ದೆಯೂ ಇದೆ. ಮಾತ್ರೆ ಕೈಗೆ ಬಂದಿದೆ. ಕೈಯಿಂದ ಬಾಯಿಗೆ ಹೋಗೋ ಅಷ್ಟು ದೂರದಲ್ಲಿ ನಿಂತಿರೋರು ನಾವೇ, ಅಂದರೆ ಬೀಗರು, ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತವರು.

ಪ್ರಾಜೆಕ್ಟ್ ಡೆಮೊಗೆ ಮುಂಚೆ ಬಝರ್ ಕಿತ್ತು ಹಾಕಿದೆವು. ಸೋತ ಐಡಿಯಾವನ್ನ ರಿಪೋರ್ಟಿನಲ್ಲಿ ಮುಚ್ಚಿಡದೆ ಬರೆದೆವು. ವೈವಾದಲ್ಲಿ, 'ಹಾಗಾದ್ರೆ ನಿಮ್ಮ ಡಬ್ಬಿಯಿಂದ ಏನು ಉಪಯೋಗ?' ಅಂತ ಕೇಳಿದರು. 'ಕಡಿಮೆ ಸರ್' ಅಂದೆವು. ಮಾರ್ಕ್ಸೂ ಕಡಿಮೆಯೇ ಬಂತು.

ಮುಂದಿನ ರಜೆಗೆ ಒಂದು ಮದುವೆ ಇದೆ. ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಮ್ಮಲ್ಲೊಬ್ಬರು ಕಾಕಾನನ್ನ 'ಬರ್ರಿ, ಚಾ ಕುಡಿಯೋಣ' ಅಂತ ಹೊರಗೆ ಕರ್ಕೊಂಡು ಹೋಗ್ತಾರೆ. ಸದ್ಯಕ್ಕೆ ನಮ್ಮ ಹತ್ತಿರ ಇರೋ ಸೊಲ್ಯೂಷನ್ ಇದು.