ಮೊದಲು ದನಿ, ಆಮೇಲೆ ಕೈ

ನಿಮ್ಮ ಮಗಳು ಒಂದು ದಿನ "ಯವ್ವಾ, ನಾ ನಾಳೆಯಿಂದ ಕಾಲೇಜಿಗೆ ಹೋಗಂಗಿಲ್ಲ" ಎಂದರೆ ನೀವೇನು ಮಾಡುತ್ತೀರಿ? ನಾನು ಮಾಡಿದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಗುತ್ತಲದಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಒಬ್ಬಾತ ದಿನಾ ಇವಳ ಹಿಂದೆಯೇ ಒತ್ತಿಕೊಂಡು ನಿಲ್ಲುತ್ತಿದ್ದನಂತೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸಿನ ದುಡ್ಡು ಉಳಿಯಿತು, ಅಂಜಿಕೆ ಮಾತ್ರ ಉಳಿದೇ ಇತ್ತು. "ಚೀಲ ಎದೆಗೆ ಹಿಡಕೊಂಡು ತಲೆ ಬಗ್ಗಿಸಿ ನಿಲ್ಲು, ಯಾರ ಮುಂದೂ ಆಡಬ್ಯಾಡ" ಎಂದೆ. ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆಯವರು ಕೈ ನಿಲ್ಲಿಸಿ, "ತಪ್ಪು ಮಾಡಿದಾಂವ ಬಸ್ಸಿನ್ಯಾಗ ಆರಾಮ, ಇಕಿ ಮನ್ಯಾಗ. ಇದ್ಯಾವ ನ್ಯಾಯ?" ಎಂದರು.

ಮರುದಿನ ಓಣಿಯ ಹೆಂಗಸರಲ್ಲಿ ಈ ಮಾತು ತೆಗೆದರೆ, ಒಬ್ಬೊಬ್ಬರದೂ ಒಂದೊಂದು ಕಥೆ! ಶಾಲೆಯ ಹುಡುಗಿಯರಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಉಂಟು. ಚಿತ್ರದುರ್ಗದ ಓಬವ್ವನ ಹೆಸರಿನಲ್ಲೂ ಹಾಸ್ಟೆಲ್ ಹುಡುಗಿಯರಿಗೆ ಕಲಿಸಿದ್ದಾರೆ. ಒಲೆ ಮುಂದಿನ ನಮಗೆ ಯಾರು ಕಲಿಸಬೇಕು? ನಾವೇ ನಿವೃತ್ತ ವ್ಯಾಯಾಮ ಶಿಕ್ಷಕಿಯೊಬ್ಬರನ್ನು ಒಪ್ಪಿಸಿದೆವು. ಗುಡಿಯ ಹಿಂದಿನ ಅಂಗಳದಲ್ಲಿ ಭಾನುವಾರ ಸಂಜೆ ಒಂದು ತಾಸು. ಮೊದಲ ದಿನ ಬಂದವರು ಒಂಬತ್ತೇ ಮಂದಿ.

ಮೊದಲ ಪಾಠ ಏನಿತ್ತು ಗೊತ್ತೇ? ಕೂಗುವುದು! "ದೂರ ಸರಿ!" ಎಂದು ಹೊಟ್ಟೆಯಿಂದ ಕೂಗಬೇಕು. ಮಕ್ಕಳನ್ನು ಊಟಕ್ಕೆ ಕರೆದರೆ ಓಣಿಯ ಕೊನೆಯವರೆಗೆ ಕೇಳಿಸುವ ನಮಗೆ ಆ ಎರಡು ಮಾತಿಗೆ ದನಿಯೇ ಹೊರಡಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕೆವು. ಮೂರನೆಯ ವಾರಕ್ಕೆ ನಗು ನಿಂತಿತು, ದನಿ ಬಂತು.

ಆಮೇಲೆ ಕೈಯ ಪಾಠ. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ಮನೆ ಹಿಂದಕ್ಕೆ ಜಗ್ಗಬೇಡಿ. ಅವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಳ್ಳಿ, ಹಿಡಿತ ಸಡಿಲವಾಗುವುದು ಅಲ್ಲಿಯೇ. ಹಿಂದಿನಿಂದ ಅಪ್ಪಿದರೆ ಹಿಮ್ಮಡಿಯಿಂದ ಅವನ ಪಾದ ತುಳಿಯಿರಿ. ಮುಂದಿನಿಂದ ಮೈಮೇಲೆ ಬಂದರೆ ಅಂಗೈಯ ಬುಡದಿಂದ ಮೂಗಿಗೆ ಹೊಡೆಯಿರಿ. ಬಿಡಿಸಿಕೊಂಡ ಕೂಡಲೇ ಜನರಿರುವ ಕಡೆ ಓಡಿ, 112ಕ್ಕೆ ಫೋನ್ ಮಾಡಿ. ಓಡುವುದು ಹೇಡಿತನವಲ್ಲ, ಅದೇ ಗೆಲುವು.

"ಹೊಡೆದರೆ ನಮ್ಮ ಮ್ಯಾಲೇ ಕೇಸ್ ಆದರ?" ಎಂದು ಒಬ್ಬಾಕೆ ಕೇಳಿದಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಮಾತ್ರ ಕೂಡದು.

ನಮ್ಮ ಹುಡುಗಿ ಕೈ ಎತ್ತುವ ಪ್ರಸಂಗವೇ ಬರಲಿಲ್ಲ. ಒಂದು ದಿನ ತುಂಬಿದ ಬಸ್ಸಿನಲ್ಲಿ ತಿರುಗಿ ನಿಂತು ಕೂಗಿದಳು. ನಾಲ್ಕು ಹೆಂಗಸರು ಎದ್ದರು, ಆತ ಮುಂದಿನ ನಿಲ್ದಾಣದಲ್ಲೇ ಇಳಿದ. ಅವಳ ಕಾಲೇಜು ತಪ್ಪಲಿಲ್ಲ.

ಆದರೆ ಒಂದು ಮಾತು. ಕೈಕೊಡುವವರು ಅಪರಿಚಿತರೇ ಆಗಬೇಕಿಲ್ಲ. ನಂಟರಲ್ಲೂ ನೆರೆಯವರಲ್ಲೂ ಅಂಥವರಿರುತ್ತಾರೆ. ಅಲ್ಲಿ ಮಗುವಿಗೆ ಬೇಕಾದದ್ದು ತನ್ನ ಮಾತು ನಂಬುವ ತಾಯಿ. ಪುಟ್ಟ ಮಕ್ಕಳಿಗಾಗಿ 1098 ನಂಬರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ನಿಮ್ಮೂರಲ್ಲೂ ಒಂದು ಅಂಗಳವಿದೆ, ಕಲಿಸಬಲ್ಲವರು ಒಬ್ಬರಾದರೂ ಇದ್ದಾರೆ. ಭಾನುವಾರದ ಒಂದು ತಾಸು ತೆಗೆದಿಡಿ. ಹಾಗೆಯೇ ಮಗನನ್ನೂ ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಹೇಳಿ. "ತಲೆ ಬಗ್ಗಿಸು" ಎಂದು ನಾನು ಹೇಳಬೇಕಾಗಿದ್ದುದು ಮಗಳಿಗಲ್ಲ, ಅಲ್ಲವೇ?